ಕುಟುಂಬ ವೈದ್ಯರ ಗುರು: ಡಾ. ಇಯಾನ್ ಮೆಕ್‌ವಿನ್ನಿ

ಪಿ.ಯು.ಸಿ.ಯಲ್ಲಿ ವಿಜ್ಞಾನ ಓದುತ್ತಿರುವ ನಿಮ್ಮ ಸಹಪಾಠಿಗಳನ್ನು "ಮುಂದೆ ಏನಾಗಬೇಕೆಂದಿದ್ದೀರಿ?" ಎಂದು ಕೇಳಿ ನೋಡಿ. ತರಗತಿಗೆ ನಾಲ್ಕಾರು ಮಂದಿಯಾದರೂ "ಡಾಕ್ಟರ್" ಎನ್ನುತ್ತಾರೆ. "ಯಾವ ಡಾಕ್ಟರ್?" ಎಂದು ಮತ್ತೆ ಕೇಳಿದರೆ ಹೃದಯದ ಡಾಕ್ಟರ್, ಮೆದುಳಿನ ಡಾಕ್ಟರ್, ಮೂಳೆ ಡಾಕ್ಟರ್ ಎಂಬ ಉತ್ತರಗಳು ಬರುತ್ತವೆ. "ನಮ್ಮ ಬೀದಿಯ ಕೊನೆಯಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದಾರಲ್ಲ, ಅಂಥ ಡಾಕ್ಟರ್ ಆಗುತ್ತೇನೆ" ಎನ್ನುವವರು ಅಪರೂಪ. ಯಾರಾದರೂ ಹಾಗೆ ಹೇಳಿದರೂ ಮನೆಯವರು ಒಪ್ಪುವುದಿಲ್ಲ. "ಬರೀ ಎಂ.ಬಿ.ಬಿ.ಎಸ್. ಸಾಕೇ? ಮುಂದೆ ಓದು" ಎನ್ನುತ್ತಾರೆ.

ಈ ಮಾತಿನ ಹಿಂದೆ ಒಂದು ನಂಬಿಕೆಯಿದೆ. ದೇಹದ ಒಂದು ಭಾಗವನ್ನು ಆಳವಾಗಿ ಬಲ್ಲವನು ದೊಡ್ಡ ವೈದ್ಯ. ಎಲ್ಲರನ್ನೂ ಎಲ್ಲ ಕಾಯಿಲೆಗಳಿಗೂ ನೋಡುವವನು ಸಣ್ಣ ವೈದ್ಯ, ಏಕೆಂದರೆ ಅವನದೇ ಎನ್ನುವಂಥ ಜ್ಞಾನ ಅವನಲ್ಲಿ ಯಾವುದೂ ಇಲ್ಲ ಎಂಬುದೇ ಆ ನಂಬಿಕೆ. ಇದು ನಮ್ಮ ದೇಶದ್ದು ಮಾತ್ರವಲ್ಲ. 1958ರಲ್ಲಿ ಬ್ರಿಟನ್ನಿನಲ್ಲಿ ವೈದ್ಯರ ಸಂಬಳದ ವಿಚಾರಣೆಗಾಗಿ ನೇಮಕವಾಗಿದ್ದ ರಾಯಲ್ ಆಯೋಗದ ಮುಂದೆ ಲಾರ್ಡ್ ಮೊರಾನ್ ಸಾಕ್ಷ್ಯ ಹೇಳಿದರು. ಅವರು ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ಲರ ವೈದ್ಯರಾಗಿದ್ದವರು, ಹೆಸರಾಂತ ತಜ್ಞರು. ವೈದ್ಯವೃತ್ತಿ ಒಂದು ಏಣಿ ಇದ್ದ ಹಾಗೆ, ಮೇಲೆ ಹತ್ತಿದವರು ತಜ್ಞರಾಗುತ್ತಾರೆ, ಸಾಮಾನ್ಯ ವೈದ್ಯರು ಆ ಏಣಿಯಿಂದ ಬಿದ್ದವರು ಎಂಬ ಅರ್ಥದ ಮಾತನ್ನು ಅವರು ಆಡಿದರು. ದೇಶದ ಸಾವಿರಾರು ಸಾಮಾನ್ಯ ವೈದ್ಯರ ಮನಸ್ಸಿಗೆ ಈ ಮಾತು ನಾಟಿತು.

ಆಗ ಷೇಕ್ಸ್‌ಪಿಯರ್ ಹುಟ್ಟಿದ ಸ್ಟ್ರಾಟ್‌ಫರ್ಡ್ ಎಂಬ ಊರಿನಲ್ಲಿ, ತಮ್ಮ ತಂದೆಯವರ ಜೊತೆಯಲ್ಲೇ ವೃತ್ತಿ ನಡೆಸುತ್ತಿದ್ದ ಮೂವತ್ತೊಂದು ಮೂವತ್ತೆರಡರ ಒಬ್ಬ ಸಾಮಾನ್ಯ ವೈದ್ಯರಿದ್ದರು. ಅವರ ಹೆಸರು ಇಯಾನ್ ಮೆಕ್‌ವಿನ್ನಿ. ಸಾಮಾನ್ಯ ವೈದ್ಯರಿಗೆ ಅವರದೇ ಆದ ಜ್ಞಾನವಿದೆ, ಅದನ್ನು ಶಾಸ್ತ್ರವಾಗಿ ಬೆಳೆಸಬಹುದು, ವಿಶ್ವವಿದ್ಯಾಲಯದಲ್ಲಿ ಕಲಿಸಬಹುದು ಎಂದು ತೋರಿಸುವುದರಲ್ಲೇ ಅವರ ಮುಂದಿನ ಬದುಕು ಕಳೆಯಿತು. ಇಂದು ನಿಮಗೆ ಪರಿಚಯಿಸಬೇಕೆಂದಿರುವುದು ಅವರನ್ನೇ.

ಮೆಕ್‌ವಿನ್ನಿಯವರು ಹುಟ್ಟಿದ್ದು 1926ರ ಅಕ್ಟೋಬರ್‌ನಲ್ಲಿ, ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದ ಬರ್ನ್‌ಲಿ ಎಂಬ ಹತ್ತಿ ಗಿರಣಿಗಳ ಊರಿನಲ್ಲಿ. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಈ ಊರಿಗೆ ಮೊದಲೇ ಒಂದು ಹೆಸರಿತ್ತು. 1879ರಲ್ಲಿ ಜೇಮ್ಸ್ ಮೆಕೆನ್ಜಿ ಎಂಬ ಯುವ ವೈದ್ಯ ಅಲ್ಲಿಗೆ ಬಂದು ನೆಲೆಸಿದ್ದರು. ಹೃದಯದ ತೊಂದರೆಯಿದ್ದ ಒಬ್ಬ ಯುವತಿ ಹೆರಿಗೆಯ ಸಮಯದಲ್ಲಿ ಅವರ ಕಣ್ಣೆದುರೇ ತೀರಿಕೊಂಡಳು. ಯಾವ ಹೃದಯ ಹೆರಿಗೆಯ ಭಾರವನ್ನು ತಾಳುತ್ತದೆ, ಯಾವುದು ತಾಳುವುದಿಲ್ಲ ಎಂದು ಮೆಕೆನ್ಜಿ ಪುಸ್ತಕಗಳಲ್ಲಿ ಹುಡುಕಿದರು. ಉತ್ತರ ಸಿಗಲಿಲ್ಲ. ಆಗ ತಮ್ಮದೇ ರೋಗಿಗಳ ನಾಡಿಯನ್ನು ವರ್ಷಗಟ್ಟಲೆ ಗಮನಿಸಿ ದಾಖಲಿಸತೊಡಗಿದರು. ಅದಕ್ಕಾಗಿ ಒಂದು ಉಪಕರಣವನ್ನೂ ರೂಪಿಸಿದರು. ಎಲ್ಲ ಬಗೆಯ ತಪ್ಪುಬಡಿತಗಳೂ ಅಪಾಯಕಾರಿಯಲ್ಲ, ಕೆಲವು ಇದ್ದರೂ ಮನುಷ್ಯ ಆರೋಗ್ಯವಾಗಿ ಬಾಳಬಲ್ಲ ಎಂದು ಅವರು ಕಂಡುಕೊಂಡರು. ಅವರ ನಾಡಿಯ ಅಧ್ಯಯನದ ಪುಸ್ತಕ 1902ರಲ್ಲಿ ಪ್ರಕಟವಾಯಿತು.

ಈ ಸಂಶೋಧನೆ ದೊಡ್ಡ ಆಸ್ಪತ್ರೆಯಲ್ಲಿ ಏಕೆ ಆಗಲಿಲ್ಲ? ಯೋಚಿಸಿ. ಆಸ್ಪತ್ರೆಯ ವೈದ್ಯ ಒಬ್ಬ ರೋಗಿಯನ್ನು ಹತ್ತು ದಿನ ನೋಡುತ್ತಾನೆ. ಊರಿನ ವೈದ್ಯ ಅದೇ ರೋಗಿಯನ್ನು ಇಪ್ಪತ್ತು ವರ್ಷ ನೋಡುತ್ತಾನೆ. ತಪ್ಪುಬಡಿತವಿದ್ದ ಹುಡುಗ ಮುಂದೆ ಮದುವೆಯಾಗಿ, ಗಿರಣಿಯಲ್ಲಿ ದುಡಿದು, ಮಕ್ಕಳೊಂದಿಗೆ ಸುಖವಾಗಿದ್ದಾನೆ ಎಂಬುದು ಊರಿನ ವೈದ್ಯನಿಗೆ ಮಾತ್ರ ಗೊತ್ತಾಗುವ ಸಂಗತಿ. ಕಾಲವೇ ಅವನ ಪ್ರಯೋಗಶಾಲೆ.

ಇನ್ನೊಬ್ಬರು ಯಾರ್ಕ್‌ಷೈರಿನ ಹಳ್ಳಿಗಾಡಿನ ವೈದ್ಯ ವಿಲಿಯಂ ಪಿಕಲ್ಸ್. ಮೆಕೆನ್ಜಿಯವರ ಬರಹವನ್ನು ಓದಿ ಸ್ಫೂರ್ತಿ ಪಡೆದ ಅವರು, ತಮ್ಮ ಕಣಿವೆಯ ಹಳ್ಳಿಗಳಲ್ಲಿ ಸಾಂಕ್ರಾಮಿಕ ರೋಗ ಯಾರಿಂದ ಯಾರಿಗೆ, ಯಾವ ದಿನ ಹರಡಿತು ಎಂದು ಗುರುತು ಹಾಕಿಕೊಂಡರು. ಬೆಳಿಗ್ಗೆ ಕಾಮಾಲೆಯಿಂದ ಹಾಸಿಗೆ ಹಿಡಿದಿದ್ದ ಹುಡುಗಿಯೊಬ್ಬಳು ಅದೇ ದಿನ ಊರ ಉತ್ಸವದಲ್ಲಿ ಓಡಾಡಿದ್ದಳು. ಊರನ್ನೇ ಬಲ್ಲ ವೈದ್ಯನಿಗೆ ಮಾತ್ರ ಇಂಥ ಎಳೆ ಸಿಗುತ್ತದೆ. ಕಾಮಾಲೆ ಸೋಂಕಿದ 26ರಿಂದ 35 ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಪಿಕಲ್ಸ್ ಲೆಕ್ಕ ಹಾಕಿದರು. ಅವರ ಪುಸ್ತಕ 1939ರಲ್ಲಿ ಬಂದಿತು. 1952ರಲ್ಲಿ ಬ್ರಿಟನ್ನಿನ ಸಾಮಾನ್ಯ ವೈದ್ಯರು ತಮ್ಮದೇ ಕಾಲೇಜನ್ನು ಸ್ಥಾಪಿಸಿಕೊಂಡರು. ಪಿಕಲ್ಸ್ ಅದರ ಮೊದಲ ಅಧ್ಯಕ್ಷರಾದರು.

ಈ ಪರಂಪರೆಯ ಮುಂದಿನ ಕೊಂಡಿಯೇ ಮೆಕ್‌ವಿನ್ನಿ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲೂ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯಲ್ಲೂ ಓದಿ, ಸೇನೆಯ ವೈದ್ಯಕೀಯ ದಳದಲ್ಲಿ ಕೆಲಸ ಮಾಡಿ, ಅವರು ಸ್ಟ್ರಾಟ್‌ಫರ್ಡಿಗೆ ಬಂದರು. ಅಲ್ಲಿ ಹದಿನಾಲ್ಕು ವರ್ಷ ಇದ್ದರು. ಬಂದ ಹೊಸತರಲ್ಲೇ ಅವರಿಗೆ ಒಂದು ಸಂಗತಿ ಹೊಳೆಯಿತು. ಕಾಲೇಜಿನಲ್ಲಿ ಕಲಿತ ರೋಗಗಳು ಕ್ಲಿನಿಕ್ಕಿಗೆ ಬರುವುದು ಪುಸ್ತಕದಲ್ಲಿದ್ದ ರೂಪದಲ್ಲಲ್ಲ. "ಏನೋ ಸುಸ್ತು, ಊಟ ಸೇರುವುದಿಲ್ಲ" ಎಂದು ರೋಗಿ ಹೇಳುತ್ತಾನೆ. ಅದು ಮಹಾರೋಗದ ಮೊದಲ ಹೆಜ್ಜೆಯೂ ಆಗಿರಬಹುದು, ನಿದ್ದೆಗೆಟ್ಟದ್ದೂ ಆಗಿರಬಹುದು.

ಒಂದು ಹೋಲಿಕೆ ಕೊಡುತ್ತೇನೆ. ಹೂವು ಕಾಯಿ ಬಿಟ್ಟ ಗಿಡವನ್ನು ನಾವೆಲ್ಲರೂ ಗುರುತಿಸುತ್ತೇವೆ. ಆದರೆ ನೆಲದಿಂದ ಎರಡೆಲೆ ಹೊರಟಾಗಲೇ ಇದು ಬೆಳೆ, ಇದು ಕಳೆ ಎಂದು ಹೇಳಬಲ್ಲವನು ರೈತ. ಆಸ್ಪತ್ರೆಗೆ ಬರುವುದು ಹೂಬಿಟ್ಟ ರೋಗ. ಕುಟುಂಬ ವೈದ್ಯನ ಮುಂದೆ ಬರುವುದು ಎರಡೆಲೆಯ ರೋಗ. ಇದನ್ನು ಗುರುತಿಸಲು ಬೇರೆಯೇ ಕಲಿಕೆ ಬೇಕು. 1964ರಲ್ಲಿ ಮೆಕ್‌ವಿನ್ನಿಯವರು ಪ್ರಕಟಿಸಿದ ಮೊದಲ ಪುಸ್ತಕ ಇದನ್ನೇ ಕುರಿತದ್ದು. ಅದರ ಹೆಸರು 'ದಿ ಅರ್ಲಿ ಸೈನ್ಸ್ ಆಫ್ ಇಲ್‌ನೆಸ್', ಅಂದರೆ ಕಾಯಿಲೆಯ ಆರಂಭದ ಚಿಹ್ನೆಗಳು.

ಆಸ್ಪತ್ರೆಯ ಲೋಕಕ್ಕೂ ಊರಿನ ಲೋಕಕ್ಕೂ ಎಷ್ಟು ಅಂತರವಿದೆ ಎಂಬುದಕ್ಕೆ ಅದೇ ಕಾಲದ ಒಂದು ಪ್ರಸಿದ್ಧ ಅಂಕಿ ಅಂಶ ನೋಡೋಣ. 1961ರಲ್ಲಿ ಕೆರ್ ವೈಟ್ ಮತ್ತು ಸಂಗಡಿಗರು ಅಮೆರಿಕ ಹಾಗೂ ಬ್ರಿಟನ್ನಿನ ಮಾಹಿತಿಯಿಂದ ಈ ಲೆಕ್ಕ ತೆಗೆದರು. 1,000 ವಯಸ್ಕರಲ್ಲಿ ಒಂದು ತಿಂಗಳಲ್ಲಿ 750 ಮಂದಿಗೆ ಏನಾದರೊಂದು ಕಾಯಿಲೆ ಅಥವಾ ಗಾಯ ಆಗುತ್ತದೆ. ಅವರಲ್ಲಿ 250 ಮಂದಿ ವೈದ್ಯರ ಬಳಿ ಹೋಗುತ್ತಾರೆ. 9 ಮಂದಿ ಆಸ್ಪತ್ರೆ ಸೇರುತ್ತಾರೆ. ವಿಶ್ವವಿದ್ಯಾಲಯದ ಬೋಧನಾ ಆಸ್ಪತ್ರೆಗೆ ಹೋಗುವವನು ಒಬ್ಬನೇ ಒಬ್ಬ. ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದುದು ಆ ಒಬ್ಬನನ್ನು ನೋಡಿ! ಉಳಿದ 249 ಜನರನ್ನು ನೋಡಿಕೊಳ್ಳುವ ವಿದ್ಯೆಯನ್ನು ಅವರಿಗೆ ಯಾರೂ ಕಲಿಸುತ್ತಿರಲಿಲ್ಲ.

ಇದರಿಂದ ಆಗುವ ತೊಂದರೆಯೇನು? ಗಣಿತ ಬಲ್ಲ ನಿಮಗೆ ಸುಲಭವಾಗಿ ಅರ್ಥವಾಗುತ್ತದೆ. ಒಂದು ಪರೀಕ್ಷೆ ಇದೆ ಎಂದು ಊಹಿಸಿಕೊಳ್ಳಿ. ರೋಗವಿರುವ 100 ಮಂದಿಯಲ್ಲಿ 90 ಮಂದಿಯನ್ನು ಅದು ಹಿಡಿಯುತ್ತದೆ. ರೋಗವಿಲ್ಲದ 100 ಮಂದಿಯಲ್ಲಿ 10 ಮಂದಿಗೆ ಮಾತ್ರ ತಪ್ಪಾಗಿ "ರೋಗವಿದೆ" ಎನ್ನುತ್ತದೆ. ದೊಡ್ಡ ಆಸ್ಪತ್ರೆಗೆ ಬಂದ 1,000 ಮಂದಿಯಲ್ಲಿ 500 ಮಂದಿಗೆ ಆ ರೋಗವಿದೆ ಎನ್ನೋಣ. "ಇದೆ" ಎಂದು ಬರುವುದು 450 ನಿಜವಾದವು, 50 ಸುಳ್ಳು. ಒಳ್ಳೆಯ ಪರೀಕ್ಷೆಯೇ ಸರಿ. ಈಗ ಅದೇ ಪರೀಕ್ಷೆಯನ್ನು ಬೀದಿ ಕೊನೆಯ ಕ್ಲಿನಿಕ್ಕಿಗೆ ತನ್ನಿ. ಅಲ್ಲಿ 1,000 ಮಂದಿಯಲ್ಲಿ ರೋಗವಿರುವವರು 10 ಮಂದಿ ಮಾತ್ರ. ಈಗ ನಿಜವಾದ ಉತ್ತರ 9, ಸುಳ್ಳು ಉತ್ತರ 99! ಪರೀಕ್ಷೆ ಬದಲಾಗಲಿಲ್ಲ, ಜಾಗ ಬದಲಾಯಿತು. ಆಸ್ಪತ್ರೆಯ ಅಭ್ಯಾಸವನ್ನು ಹಾಗೆಯೇ ತಂದು ಕ್ಲಿನಿಕ್ಕಿನಲ್ಲಿ ನಡೆಸಿದರೆ ಆರೋಗ್ಯವಂತರು ರೋಗಿಗಳಾಗುತ್ತಾರೆ, ಭಯಪಡುತ್ತಾರೆ, ಹಣ ಕಳೆದುಕೊಳ್ಳುತ್ತಾರೆ. ಯಾವಾಗ ಪರೀಕ್ಷೆ ಮಾಡಿಸಬೇಕು, ಯಾವಾಗ ಎರಡು ದಿನ ಕಾದು ನೋಡಬೇಕು ಎಂಬ ವಿವೇಕ ಕುಟುಂಬ ವೈದ್ಯನದು. ಹಾಗೆ ಕಾಯಲು ಧೈರ್ಯ ಬರುವುದು ರೋಗಿಯ ಪರಿಚಯವಿದ್ದಾಗ, ಅವನು ಮತ್ತೆ ಬಂದೇ ಬರುತ್ತಾನೆಂಬ ನಂಬಿಕೆಯಿದ್ದಾಗ.

ಅಮೆರಿಕಕ್ಕೆ ಅಧ್ಯಯನ ಪ್ರವಾಸ ಹೋಗಿಬಂದ ಮೆಕ್‌ವಿನ್ನಿಯವರು 1966ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಒಂದು ವಿಷಯವನ್ನು ಶಾಸ್ತ್ರವೆಂದು ಕರೆಯಬೇಕಾದರೆ ನಾಲ್ಕು ಲಕ್ಷಣಗಳಿರಬೇಕು ಎಂದರು: ಅದಕ್ಕೆ ತನ್ನದೇ ಕಾರ್ಯಕ್ಷೇತ್ರವಿರಬೇಕು, ಖಚಿತವಾದ ಜ್ಞಾನಭಂಡಾರವಿರಬೇಕು, ಸಂಶೋಧನೆ ನಡೆಯುತ್ತಿರಬೇಕು, ಬುದ್ಧಿಗೆ ಸವಾಲೊಡ್ಡುವ ತರಬೇತಿ ಇರಬೇಕು. ಏಣಿಯ ಮಾತಿಗೆ ಇದಕ್ಕಿಂತ ಸೌಮ್ಯವಾದ, ಇದಕ್ಕಿಂತ ಗಟ್ಟಿಯಾದ ಉತ್ತರ ಇರಲಾರದು. ನಮ್ಮನ್ನು ಗೌರವಿಸಿ ಎಂದು ಅವರು ಕೇಳಲಿಲ್ಲ. ಗೌರವಕ್ಕೆ ಅರ್ಹರಾಗಲು ನಾವು ಮಾಡಬೇಕಾದ ಕೆಲಸ ಇದು ಎಂದು ಪಟ್ಟಿ ಮಾಡಿದರು.

ಆ ಕೆಲಸ ಮಾಡುವ ಅವಕಾಶ ಬೇಗನೇ ಒದಗಿತು. ಸಾಮಾನ್ಯ ವೈದ್ಯಕ್ಕೆ ಜಗತ್ತಿನ ಮೊದಲ ಪ್ರಾಧ್ಯಾಪಕ ಪೀಠ 1963ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಆರಂಭವಾಗಿತ್ತು. 1968ರಲ್ಲಿ ಮೆಕ್‌ವಿನ್ನಿಯವರು ಕೆನಡಾದ ಮೊತ್ತಮೊದಲ ಕುಟುಂಬ ವೈದ್ಯಶಾಸ್ತ್ರ ಪ್ರಾಧ್ಯಾಪಕರಾಗಿ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯಕ್ಕೆ ಹೋದರು. ಆ ಊರಿನ ಹೆಸರೂ ಲಂಡನ್. ಆದರೆ ಇಂಗ್ಲೆಂಡಿನದಲ್ಲ, ಕೆನಡಾದ ಒಂಟಾರಿಯೊ ಪ್ರಾಂತದ್ದು. ನಲವತ್ತೊಂದನೆಯ ವಯಸ್ಸಿನಲ್ಲಿ, ಚೆನ್ನಾಗಿ ನಡೆಯುತ್ತಿದ್ದ ವೃತ್ತಿಯನ್ನು ಬಿಟ್ಟು, ಇನ್ನೂ ರೂಪವೇ ಇಲ್ಲದ ವಿಭಾಗವನ್ನು ಕಟ್ಟಲು ಸಾಗರ ದಾಟಿ ಹೋದರು. 1987ರವರೆಗೆ ಆ ವಿಭಾಗದ ಮುಖ್ಯಸ್ಥರಾಗಿದ್ದರು.

ಅಲ್ಲಿ ಅವರು ಏನನ್ನು ಕಲಿಸಿದರು? ಒಂದು ಉದಾಹರಣೆ ಸಾಕು. 1972ರ ಒಂದು ಲೇಖನದಲ್ಲಿ ಅವರು ಕೇಳಿದ್ದು ಸರಳ ಪ್ರಶ್ನೆ: ರೋಗಿ ಇಂದೇ ಏಕೆ ಬಂದ? ಒಬ್ಬ ಗೃಹಿಣಿಗೆ ಎರಡು ವರ್ಷದಿಂದ ತಲೆನೋವು ಇದೆ ಎಂದುಕೊಳ್ಳಿ. ಎರಡು ವರ್ಷ ಸುಮ್ಮನಿದ್ದು ಇವತ್ತು ಬಂದದ್ದೇಕೆ? ನೋವು ತಡೆಯಲಾರದಷ್ಟು ಆಗಿರಬಹುದು. ನೋವು ಅಷ್ಟೇ ಇದ್ದರೂ, ಪಕ್ಕದ ಮನೆಯವರಿಗೆ ಮೆದುಳಿನಲ್ಲಿ ಗಡ್ಡೆ ಎಂದು ಕೇಳಿ ಹೆದರಿಕೆ ತಡೆಯಲಾರದಷ್ಟು ಆಗಿರಬಹುದು. ಮನೆಯ ಕಷ್ಟವೇ ತಲೆನೋವಿನ ವೇಷ ತೊಟ್ಟು ಬಂದಿರಬಹುದು. ಅಥವಾ ರಜೆಗೆ ಒಂದು ಸರ್ಟಿಫಿಕೇಟು ಬೇಕಾಗಿರಬಹುದು. ನಾಲ್ಕು ಸಂದರ್ಭಗಳಲ್ಲೂ ಚೀಟಿಯಲ್ಲಿ ಬರೆಯುವುದು "ತಲೆನೋವು" ಎಂದೇ. ಮಾಡಬೇಕಾದ ಸಹಾಯ ಮಾತ್ರ ನಾಲ್ಕು ಬಗೆಯದು. ಯಾವುದೆಂದು ತಿಳಿಯದೆ ಮಾತ್ರೆ ಬರೆದರೆ ಅದು ಚಿಕಿತ್ಸೆಯಲ್ಲ, ಬೀಳ್ಕೊಡುಗೆ.

1980ರ ದಶಕದ ಆರಂಭದಲ್ಲಿ ದಕ್ಷಿಣ ಆಫ್ರಿಕಾದ ಕುಟುಂಬ ವೈದ್ಯ ಜೋಸೆಫ್ ಲೆವೆನ್‌ಸ್ಟೈನ್ ಅತಿಥಿ ಪ್ರಾಧ್ಯಾಪಕರಾಗಿ ಅಲ್ಲಿಗೆ ಬಂದರು. ಅವರ ಜೊತೆಗೂಡಿ ಮೆಕ್‌ವಿನ್ನಿ, ಮೊಯ್ರಾ ಸ್ಟೂವರ್ಟ್ ಮತ್ತು ಸಹೋದ್ಯೋಗಿಗಳು ಒಂದು ಕ್ರಮವನ್ನು ರೂಪಿಸಿದರು. ಇದಕ್ಕೆ ರೋಗಿ-ಕೇಂದ್ರಿತ ಪದ್ಧತಿ ಎನ್ನುತ್ತಾರೆ. ರೋಗ ಬೇರೆ, ಬೇನೆ ಬೇರೆ ಎಂಬುದು ಅದರ ಮೂಲ. ರೋಗ ಎಂದರೆ ದೇಹದಲ್ಲಿ ಕಂಡುಬರುವ ಕೆಡುಕು. ಬೇನೆ ಎಂದರೆ ಆ ಮನುಷ್ಯ ಪಡುತ್ತಿರುವ ಅನುಭವ. ವೈದ್ಯ ಎರಡನ್ನೂ ಹುಡುಕಬೇಕು. ಅದಕ್ಕೆ ನಾಲ್ಕು ಸಂಗತಿಗಳನ್ನು ತಿಳಿಯಬೇಕು: ಇದು ಏನಿರಬಹುದೆಂದು ರೋಗಿ ಅಂದುಕೊಂಡಿದ್ದಾನೆ, ಅವನ ಭಯವೇನು, ಇದರಿಂದ ಅವನ ದಿನನಿತ್ಯದ ಕೆಲಸಕ್ಕೆ ಏನು ಅಡ್ಡಿಯಾಗಿದೆ, ವೈದ್ಯನಿಂದ ಅವನು ಬಯಸುವುದೇನು. 1995ರಲ್ಲಿ ಈ ತಂಡ ಪದ್ಧತಿಯನ್ನು ಕುರಿತ ಪುಸ್ತಕವನ್ನು ಹೊರತಂದಿತು.

1989ರಲ್ಲಿ ಮೆಕ್‌ವಿನ್ನಿಯವರ ಮುಖ್ಯ ಕೃತಿ, ಕುಟುಂಬ ವೈದ್ಯಶಾಸ್ತ್ರದ ಪಠ್ಯಪುಸ್ತಕ, ಪ್ರಕಟವಾಯಿತು. ಅದರಲ್ಲಿ ಕುಟುಂಬ ವೈದ್ಯನ ಒಂಬತ್ತು ತತ್ತ್ವಗಳಿವೆ. ಮೊದಲನೆಯದು ಎಲ್ಲಕ್ಕೂ ಬುನಾದಿ. ಕುಟುಂಬ ವೈದ್ಯ ಕಟ್ಟುಬಿದ್ದಿರುವುದು ವ್ಯಕ್ತಿಗೆ; ಯಾವುದೇ ರೋಗಗಳ ಗುಂಪಿಗಲ್ಲ, ಯಾವುದೇ ಉಪಕರಣಕ್ಕಲ್ಲ. "ಇದು ನನ್ನ ವಿಷಯವಲ್ಲ" ಎಂದು ಅವನು ಹೇಳುವ ಹಾಗಿಲ್ಲ. ತಜ್ಞರ ಬಳಿ ಕಳಿಸಬಹುದು, ಆದರೆ ಕಳಿಸಿದ ಮೇಲೂ ರೋಗಿ ಅವನ ರೋಗಿಯೇ. ರೋಗಿಗಳು ವಾಸಿಸುವ ಊರಿನಲ್ಲೇ ತಾನೂ ವಾಸಿಸಬೇಕು, ಅವರ ಮನೆಗೆ ಹೋಗಿ ನೋಡಬೇಕು, ಪ್ರತಿ ಭೇಟಿಯನ್ನೂ ರೋಗ ತಡೆಯುವ ಅವಕಾಶವೆಂದು ತಿಳಿಯಬೇಕು ಎಂಬವೂ ಆ ತತ್ತ್ವಗಳಲ್ಲಿ ಸೇರಿವೆ. ತಜ್ಞರನ್ನು ಅವರು ಹಗುರವಾಗಿ ಕಾಣಲಿಲ್ಲ. ಇಬ್ಬರ ಜ್ಞಾನದ ಬಗೆ ಬೇರೆ ಎಂದರು. ಒಂದು ಭೂಪಟದ ಜ್ಞಾನ, ಇನ್ನೊಂದು ನೆಲದ ಮೇಲೆ ನಡೆದ ಜ್ಞಾನ. ಪ್ರಯಾಣಕ್ಕೆ ಎರಡೂ ಬೇಕು.

ಮುಖ್ಯಸ್ಥರ ಸ್ಥಾನ ಬಿಟ್ಟ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಗುಣವಾಗದ ಕಾಯಿಲೆಯಿಂದ ಕೊನೆಯ ದಿನಗಳನ್ನು ಎಣಿಸುತ್ತಿದ್ದವರ ಆರೈಕೆಯಲ್ಲಿ ತೊಡಗಿದರು. ಗುಣಪಡಿಸಲು ಏನೂ ಉಳಿಯದಾಗಲೂ ವೈದ್ಯನಿಗೆ ಕೆಲಸ ಉಳಿದಿರುತ್ತದೆ ಎಂಬುದಕ್ಕೆ ಇದು ಸಾಕ್ಷಿ. 2012ರ ಸೆಪ್ಟೆಂಬರ್ 28ರಂದು ಅವರು ನಿಧನರಾದರು. 2016ರಲ್ಲಿ ಬಂದ ಅವರ ಪಠ್ಯಪುಸ್ತಕದ ನಾಲ್ಕನೆಯ ಆವೃತ್ತಿ ಅವರ ಹೆಸರನ್ನೇ ಶೀರ್ಷಿಕೆಯಲ್ಲಿ ಹೊತ್ತಿದೆ.

"ಪರಿಚಯದ ವೈದ್ಯ ಇದ್ದರೆ ಮನಸ್ಸಿಗೆ ಸಮಾಧಾನ ಸರಿ, ಆಯುಸ್ಸೇನು ಹೆಚ್ಚುತ್ತದೆಯೇ?" ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. 2018ರಲ್ಲಿ ಬ್ರಿಟನ್ನಿನ ಸಂಶೋಧಕರು ಹಲವು ದೇಶಗಳ 22 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿ 18ರಲ್ಲಿ, ಅದೇ ವೈದ್ಯರನ್ನು ಮತ್ತೆ ಮತ್ತೆ ಕಾಣುತ್ತಿದ್ದವರಲ್ಲಿ ಸಾವಿನ ಪ್ರಮಾಣ ಕಡಿಮೆಯಿತ್ತು. 2022ರಲ್ಲಿ ಪ್ರಕಟವಾದ ನಾರ್ವೆ ದೇಶದ ದೊಡ್ಡ ಅಧ್ಯಯನ ಇನ್ನೂ ಸ್ಪಷ್ಟ. ಒಬ್ಬನೇ ವೈದ್ಯನ ಬಳಿ 15 ವರ್ಷಕ್ಕೂ ಹೆಚ್ಚು ಕಾಲ ಇದ್ದವರಲ್ಲಿ, ಒಂದೇ ವರ್ಷದ ಪರಿಚಯವಿದ್ದವರಿಗಿಂತ, ಆಸ್ಪತ್ರೆ ಸೇರುವುದೂ ಸಾವೂ ಸುಮಾರು ಕಾಲು ಭಾಗ ಕಡಿಮೆ. ಇವು ಜೊತೆಜೊತೆಯಾಗಿ ಕಂಡ ಸಂಗತಿಗಳು. ಒಂದರಿಂದಲೇ ಇನ್ನೊಂದು ಆಯಿತೆಂದು ಸಾಧಿಸುವುದು ಕಷ್ಟ. ಆದರೂ ಮೆಕ್‌ವಿನ್ನಿಯವರು ಹೇಳುತ್ತಿದ್ದ ದಿಕ್ಕಿನಲ್ಲೇ ಪುರಾವೆ ಬೆರಳು ತೋರಿಸುತ್ತಿದೆ.

ನಮ್ಮ ದೇಶದಲ್ಲೂ ಇಂದು ಕುಟುಂಬ ವೈದ್ಯಶಾಸ್ತ್ರದಲ್ಲಿ ಡಿ.ಎನ್.ಬಿ. ಸ್ನಾತಕೋತ್ತರ ವ್ಯಾಸಂಗವಿದೆ. "ಮುಂದೆ ಓದು" ಎನ್ನುವ ಹಿರಿಯರಿಗೆ "ಇದನ್ನೇ ಓದುತ್ತೇನೆ" ಎಂದು ಉತ್ತರಿಸಬಹುದು. 2021-22ರಲ್ಲಿ ಸೇರಿದ ತಂಡದಿಂದ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು, ವ್ಯಾಸಂಗದ ಉದ್ದಕ್ಕೂ ಅವರ ಆರೋಗ್ಯವನ್ನು ಗಮನಿಸುವ ಕ್ರಮವೂ ಬಂದಿದೆ. ನಿಮ್ಮಲ್ಲಿ ಕೆಲವರು ಹಾಗೆ ಒಂದು ಮನೆಯ ಬಾಗಿಲಲ್ಲಿ ಪುಸ್ತಕ ಹಿಡಿದು ನಿಲ್ಲುವ ದಿನ ಬರಬಹುದು. ಅಂದು ನಮೂನೆ ತುಂಬಿಸುವ ಮೊದಲು ಒಂದು ನಿಮಿಷ ಕುಳಿತು ಆ ಮನೆಯ ಅಜ್ಜಿಯ ಮಾತು ಕೇಳಿ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಆಕೆ ಎರಡು ದಿನಕ್ಕೊಮ್ಮೆ ನುಂಗುತ್ತಿರುವುದು ಮರೆವಿನಿಂದಲೋ, ತಿಂಗಳ ಕೊನೆಯವರೆಗೆ ಸಾಲಲಿ ಎಂದೋ? ಇದಕ್ಕೆ ಉತ್ತರ ಯಾವ ರಕ್ತಪರೀಕ್ಷೆಯಲ್ಲೂ ಇಲ್ಲ. ಆಕೆ ಹೇಳಬೇಕು, ಹೇಳುವಷ್ಟು ನಂಬಿಕೆ ನಿಮ್ಮಲ್ಲಿ ಹುಟ್ಟಬೇಕು.

ವೈದ್ಯರಾಗದವರಿಗೂ ಇದರಲ್ಲಿ ಒಂದು ಮಾತಿದೆ. ನಿಮ್ಮ ಬೀದಿ ಕೊನೆಯ ಡಾಕ್ಟರು ನಿಮ್ಮ ಅಪ್ಪನ ಹೆಸರು ಹಿಡಿದು ಮಾತನಾಡಿಸಿ, ಅಮ್ಮನ ಮಂಡಿನೋವು ವಿಚಾರಿಸಿ, ಆಮೇಲೆ ನಿಮ್ಮ ಜ್ವರ ನೋಡಿದರೆ, ಅದು ಸುಮ್ಮನೆ ಲೋಕಾಭಿರಾಮವೆಂದು ತಿಳಿಯಬೇಡಿ. ಪರೀಕ್ಷೆ ಆಗಲೇ ಆರಂಭವಾಗಿದೆ. ಅವರು ಏಣಿಯಿಂದ ಬಿದ್ದವರಲ್ಲ. ಅವರು ನಿಂತಿರುವುದು ಬೇರೆಯೇ ನೆಲದ ಮೇಲೆ. ಆ ನೆಲಕ್ಕೂ ಒಂದು ಶಾಸ್ತ್ರವಿದೆ ಎಂದು ತೋರಿಸಿಕೊಟ್ಟವರಲ್ಲಿ ಡಾ. ಮೆಕ್‌ವಿನ್ನಿ ಪ್ರಮುಖರು.